ಕೋಟೆಯೊಳಗೊಂದು ಮಂತ್ರದ ಲೆಕ್ಕ

ಕಲಬುರಗಿಯ ಕೋಟೆಗೆ ಜನ ಬೇರೆ ಬೇರೆ ಕಾರಣಕ್ಕೆ ಹೋಗುತ್ತಾರೆ. ಇತಿಹಾಸದ ಮೇಲಿನ ಅಕ್ಕರೆಯಿಂದ ಹೋಗುವವರು ಕೆಲವರು. ನೆಂಟರು ಬಂದಾಗ ತೋರಿಸಲೇಬೇಕಲ್ಲ ಎಂದು ಹೋಗುವವರು ಹಲವರು. ಕಳೆದ ಡಿಸೆಂಬರಿನ ಒಂದು ಭಾನುವಾರ ನಾನು ಹೋದದ್ದು ಮಾತ್ರ, ಮೂರು ವಾರದಿಂದ ಮಾತು ಬಿಟ್ಟಿದ್ದ ಅಣ್ಣ-ತಂಗಿಯನ್ನು ಮಾತಾಡಿಸುವ ಸಲುವಾಗಿ.

ಮಗ ಹತ್ತನೇ ತರಗತಿ, ಮಗಳು ಎಂಟನೆಯದು. ಜಗಳ ಆಸ್ತಿಯದಲ್ಲ, ಮೊಬೈಲಿನದೂ ಅಲ್ಲ. ಅದು ಒಂದು ಮಂತ್ರದ ಜಗಳ. ‘ಮನ್ಯಾಗ ಮಾಟ-ಮಂತ್ರ ಅಂತ ಏನ್ ಹಚ್ಚೀರಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದದ’ ಎಂದು ಅವರ ಅವ್ವ ರೇಗಿದಾಗಲೇ ಸಂಗತಿ ನನ್ನ ಕಿವಿಗೆ ಬಿದ್ದದ್ದು.

ಮೊದಲು ಆಟದ ವಿಷಯ ಹೇಳಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ ದೀಪಾವಳಿಗೆ ಬಂದಾಗ ಒಂದು ದಪ್ಪ ಪುಸ್ತಕ ಮತ್ತು ಇಪ್ಪತ್ತು ಮುಖದ ದಾಳವೊಂದನ್ನು ತಂದುಕೊಟ್ಟಿದ್ದ. ಮೇಜಿನ ಸುತ್ತ ಕುಳಿತು ಆಡುವ ಪಾತ್ರದಾಟ ಅದು. ಒಬ್ಬ ಸೂತ್ರಧಾರ. ಅವನು ಕಥೆ ಹೇಳುತ್ತಾನೆ: ‘ನೀವು ಕೋಟೆಯ ಬಾಗಿಲಿಗೆ ಬಂದಿದ್ದೀರಿ, ಒಳಗೆ ದೀಪವಿಲ್ಲ, ಏನೋ ಉಸಿರಾಡುವ ಸದ್ದು. ಏನು ಮಾಡುತ್ತೀರಿ?’ ಉಳಿದವರಿಗೆ ಒಂದೊಂದು ಪಾತ್ರ. ಒಬ್ಬ ಕತ್ತಿವೀರ, ಇನ್ನೊಬ್ಬ ಬಿಲ್ಲುಗಾರ. ಪಾತ್ರ ಮಾಡುವ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಬಯಲಾಟಕ್ಕೂ ಪಗಡೆಗೂ ಮದುವೆ ಮಾಡಿಸಿದಂತೆ ಎಂದುಕೊಳ್ಳಿ.

ಆ ಪುಸ್ತಕದ ಹೆಸರು ‘ಪೆಂಡ್ರ್ಯಾಗನ್’. ಇಂಗ್ಲೆಂಡಿನ ಆರ್ಥರ್ ದೊರೆಯ ಕಥೆಯನ್ನು ಇಟ್ಟುಕೊಂಡು ಅಮೆರಿಕದ ಗ್ರೆಗ್ ಸ್ಟಾಫರ್ಡ್ ರೂಪಿಸಿದ ಆಟ, 1985ರದು. ಮಕ್ಕಳು ಒಂದೇ ವಾರದಲ್ಲಿ ಆರ್ಥರನ ರಾಜಧಾನಿಯನ್ನು ಕಿತ್ತು ಆ ಜಾಗದಲ್ಲಿ ಕಲಬುರಗಿ ಕೋಟೆಯನ್ನು ತಂದಿಟ್ಟಿದ್ದರು. ಇಂಗ್ಲೆಂಡಿನ ಸರದಾರರು ನಮ್ಮ ಓಣಿಯ ವೀರರಾದರು. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಈ ಆಟದಲ್ಲಿ ಆಟಗಾರರೆಲ್ಲ ಯೋಧರೇ. ಮಾಯ-ಮಂತ್ರವೆಲ್ಲ ಸೂತ್ರಧಾರನ ಕೈಯಲ್ಲಿ. ಮಗನೇ ಸೂತ್ರಧಾರ, ಓಣಿಯ ಇಬ್ಬರು ಗೆಳೆಯರು ವೀರರು. ಮಗಳಿಗೆ ಸಿಕ್ಕಿದ್ದು ಕುದುರೆ ಹಿಡಿದು ನಿಲ್ಲುವ ಕೆಲಸ.

‘ನನಗ ಕತ್ತಿ ಬ್ಯಾಡ, ನಾ ಮಂತ್ರ ಕಲಿತಾಕಿ ಆಗ್ತೀನಿ’ ಎಂದಳು ಆಕೆ. ಪುಸ್ತಕದಲ್ಲಿ ಇಲ್ಲ ಎಂದರು ಹುಡುಗರು. ಪುಸ್ತಕದಲ್ಲಿ ಇಲ್ಲದಿದ್ದರೆ ನಾವೇ ಬರೆಯೋಣ ಎಂದಳು. ಇದಕ್ಕೆ ಮನೆನಿಯಮ ಎನ್ನಬಹುದು. ಬರೆದದ್ದು ಒಂದೇ ಸಾಲು: ‘ಮಂತ್ರ ಹೇಳಿದರೆ ಶತ್ರು ಭಸ್ಮ.’

ಮೊದಲ ಭಾನುವಾರ ಕಳ್ಳರು ಭಸ್ಮ, ಕಾವಲಿನ ಹುಲಿ ಭಸ್ಮ, ಕೊನೆಗೆ ಮಗ ವಾರವಿಡೀ ಕೂತು ಬರೆದಿದ್ದ ರಾಕ್ಷಸನೂ ಭಸ್ಮ. ಅರ್ಧ ಗಂಟೆಯಲ್ಲಿ ಆಟ ಮುಗಿದಿತ್ತು. ಇಬ್ಬರು ವೀರರು ಕತ್ತಿ ಹಿಡಿದುಕೊಂಡು ಶೇಂಗಾ ತಿನ್ನುತ್ತ ಕುಳಿತಿದ್ದರು. ಎರಡನೇ ಭಾನುವಾರ ಆಕೆ ಬಾಯಿ ತೆರೆಯುವ ಹೊತ್ತಿಗೆ ಮಗ ಘೋಷಿಸಿದ: ‘ಈ ಕೋಟ್ಯಾಗ ಮಂತ್ರ ನಡೆಯಂಗಿಲ್ಲ.’ ಮಗಳು ದಾಳವನ್ನು ಎಸೆದಳು. ಅದು ಅಲಮಾರಿಯ ಕೆಳಗೆ ಉರುಳಿ ಕಾಣದಾಯಿತು. ‘ನೀ ಮೋಸಗಾರ’ ಎಂದಳು. ಅಂದಿನಿಂದ ಮಾತಿಲ್ಲ. ಗೆಳೆಯರೂ ಬರುವುದು ಬಿಟ್ಟರು.

ನಾನು ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಮನುಷ್ಯ. ಖರ್ಚೇ ಇಲ್ಲದ ಜಮೆ ಕಂಡರೆ ನನಗೆ ಅನುಮಾನ. ‘ನೀವು ಆಡೋ ಕೋಟಿ ನೀವಿಬ್ರೂ ಸರಿಯಾಗಿ ನೋಡೇ ಇಲ್ಲ. ನಡೀರಿ’ ಎಂದು ಇಬ್ಬರನ್ನೂ ಹೊರಡಿಸಿದೆ.

ಛಾವಣಿ ಹಾಕಿದರೆ ಬೆಳಕು ಎಲ್ಲಿಂದ?

ಕೋಟೆ ಊರ ನಡುವೆಯೇ ಇದೆ. ಸುತ್ತಲೂ ಕಂದಕ, ಅದರ ಹಿಂದೆ ಜೋಡಿ ಗೋಡೆ, ಗೋಡೆಗೆ ಹೆಗಲು ಕೊಟ್ಟು ನಿಂತ ಬುರುಜುಗಳು. ಇದರ ಮೂಲ ಕೋಟೆಯನ್ನು ಗುಲ್‌ಚಂದ್ ಎಂಬ ರಾಜ ಕಟ್ಟಿಸಿದನೆಂಬ ಪ್ರತೀತಿ ಇದೆ. 1347ರಲ್ಲಿ ದೌಲತಾಬಾದಿನಲ್ಲಿ ಪಟ್ಟವೇರಿದ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಕೋಟೆಯನ್ನು ಹಿಗ್ಗಿಸಿದ. ಅಹಮದ್ ಶಾಹನ ಕಾಲದಲ್ಲಿ (1422–36) ರಾಜಧಾನಿ ಬೀದರಿಗೆ ಹೋಯಿತು. ಮುಕ್ಕಾಲು ಶತಮಾನ ಇಡೀ ದಖ್ಖನ್ನಿನ ಕಣ್ಣು ಈ ಗೋಡೆಗಳ ಮೇಲಿತ್ತು.

ಮಕ್ಕಳಿಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಡೆಯುತ್ತಿದ್ದರು. ‘ಅಪ್ಪಾ, ಬಾಗಿಲು ಹಿಂಗ ಡೊಂಕು ಯಾಕದ ಅಂತ ಕೇಳು’ ಎಂದು ಮಗಳು ನನಗೆ ಹೇಳುವುದು. ‘ನೆಟ್ಟಗ ಇದ್ರ ಆನಿ ಓಡಿ ಬಂದು ಗುದ್ದತದ ಅಂತ ಹೇಳು’ ಎಂದು ಮಗ ನನಗೆ ಹೇಳುವುದು. ಇಬ್ಬರ ನಡುವೆ ನಾನು ಅಂಚೆಯವ.

ಕೋಟೆಯೊಳಗಿನ ಜಾಮಿ ಮಸೀದಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಹೊರಗಿನ ಬಿಸಿಲಿನಿಂದ ಬಂದವರಿಗೆ ಒಳಗಿನ ತಂಪು ಮೈಗೆ ಹತ್ತಿತು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು; ಎತ್ತ ನಿಂತರೂ ಸಾಲು ತಪ್ಪುವುದಿಲ್ಲ. 1367ರ ಶಾಸನವೊಂದು ಇದನ್ನು ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫೀ ಎಂದು ಹೇಳುತ್ತದೆ. ಉದ್ದ ಸುಮಾರು 216 ಅಡಿ, ಅಗಲ 176 ಅಡಿ. ಇಷ್ಟು ದೊಡ್ಡ ಜಾಮಿ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿ. ಭಾರತದಲ್ಲಿ ಇಂಥದ್ದು ಅಪರೂಪ.

‘ಅಂಗಳ ತೆಗೆದು ಛಾವಣಿ ಹಾಕಿದ್ರ ಒಳಗ ಕತ್ತಲಿ ಆಗಬೇಕಿತ್ತಲ್ಲ?’ ಎಂದೆ, ಯಾರನ್ನೂ ಉದ್ದೇಶಿಸದೆ.

ಮಗ ಸುತ್ತ ನೋಡಿದ. ಪಕ್ಕದ ಸಾಲುಗಳಲ್ಲಿ ಗೋಡೆಯ ಬದಲು ಅಗಲವಾದ, ಗಿಡ್ಡನೆಯ ಕಮಾನುಗಳು ಹೊರಗೆ ತೆರೆದಿವೆ. ಬೆಳಕು ಅಲ್ಲಿಂದ ಬರುತ್ತದೆ. ನೆತ್ತಿಯಿಂದ ಬರಬೇಕಾದ ಬೆಳಕನ್ನು ರಫೀ ಮಗ್ಗುಲಿನಿಂದ ತಂದಿದ್ದ. ರೂಢಿಯ ನಿಯಮವೊಂದನ್ನು ಅವನು ಬದಲಿಸಿದ. ಆದರೆ ಒಂದನ್ನು ಬದಲಿಸಿ ಸುಮ್ಮನಾಗಲಿಲ್ಲ. ಛಾವಣಿ ಹಾಕಿದ್ದಕ್ಕೆ ಪ್ರತಿಯಾಗಿ ಗೋಡೆಯನ್ನು ತೆರೆದ.

‘ಮಂತ್ರ ಸೇರಿಸಿದ್ರ ಇನ್ನೊಂದು ಏನೋ ಬದ್ಲು ಮಾಡಬೇಕು ಅಂತಾರ ಅಪ್ಪ’ ಎಂದು ಮಗಳು ಕಂಬಕ್ಕೆ ಹೇಳಿದಳು. ಕಂಬದ ಆಚೆ ಅಣ್ಣ ನಿಂತಿದ್ದ.

ತೋಪಿನ ಪಾಠ

ಕೋಟೆಯ ನಡುವಿನ ಬಾಲಾ ಹಿಸ್ಸಾರ್ ಎಂಬ ಭಾರಿ ಕಟ್ಟಡ ದೂರದಿಂದ ನೋಡಿದರೆ ಬಾಗಿಲಿಲ್ಲದ ಗುಡ್ಡದಂತಿದೆ. ಮೂಲೆಗಳಲ್ಲಿ ದುಂಡು ಬುರುಜು, ಮೇಲೆ ತೋಪು. ಕೋಟೆಯಲ್ಲಿ ಹೆಸರುವಾಸಿಯಾದದ್ದು ಬಾರಾ ಗಜಿ ತೋಪು. ಸುಮಾರು 29 ಅಡಿ ಉದ್ದ. ಜಗತ್ತಿನಲ್ಲೇ ಅತಿ ಉದ್ದದ ತೋಪು ಇದೇ ಎಂಬ ಮಾತು ನಮ್ಮೂರಿನಲ್ಲಿದೆ. ಮಗ ಅದರ ಪಕ್ಕದಲ್ಲಿ ಹೆಜ್ಜೆ ಹಾಕಿ ಅಳೆದ. ‘ಇದು ಒಂದು ಸಲ ಹೊಡದ್ರ ಎಲ್ಲಾ ಭಸ್ಮ’ ಎಂದ, ತಂಗಿಗೆ ಕುಟುಕುವಂತೆ.

ಅಲ್ಲಿಯೇ ನನಗೆ ಬೇಕಿದ್ದ ಎಳೆ ಸಿಕ್ಕಿತು. ತೋಪು ಆ ಕಾಲದ ಮಂತ್ರವೇ. ಕತ್ತಿ, ಈಟಿ, ಬಿಲ್ಲುಗಳ ಆಟಕ್ಕೆ ಹೊಸದಾಗಿ ಬಂದು ಸೇರಿದ ಮಂತ್ರ. ದಖ್ಖನ್ನಿಗೆ ಮದ್ದುಗುಂಡು ಯಾವಾಗ ಬಂತು ಎಂಬುದರ ಬಗ್ಗೆ ಚರ್ಚೆ ಇದೆ. 1360ರ ದಶಕದಲ್ಲೇ ಬಹಮನಿ ಸುಲ್ತಾನ ತೋಪು ಬಳಸಿದನೆಂದು ಫೆರಿಶ್ತಾ ಬರೆದಿದ್ದಾನೆ. ಅದಕ್ಕೂ ನೂರು ವರ್ಷ ತಡವಾಗಿ ಬಂತೆನ್ನುವ ಇತಿಹಾಸಕಾರರಿದ್ದಾರೆ. ಯಾವಾಗ ಬಂದರೂ ಅದು ಬಂದ ಮೇಲೆ ಕೋಟೆಗಳು ಮೊದಲಿನಂತೆ ಇರಲಿಲ್ಲ. ಗೋಡೆ ದಪ್ಪವಾಯಿತು, ತೋಪು ಕೂರಿಸಲು ಬುರುಜು ಅಗಲವಾಯಿತು.

ತೋಪು ಹೊಡೆಯುವುದು ಚಿಟಿಕೆ ಹೊಡೆದಂತಲ್ಲ ಎಂದು ವಿವರಿಸಿದೆ. ಒಂದು ಸಲ ಹಾರಿಸಿದ ಮೇಲೆ ನಳಿಗೆಯೊಳಗೆ ಒದ್ದೆ ಬಟ್ಟೆ ತೂರಿಸಿ ಒರೆಸಬೇಕು. ಒಳಗೆ ಕಿಡಿ ಉಳಿದಿದ್ದರೆ ಮದ್ದು ತುಂಬುವವನ ಕೈಯೇ ಹೋದೀತು. ಆಮೇಲೆ ಮದ್ದು, ಅದನ್ನು ಒತ್ತುವುದು, ಗುಂಡು, ಗುರಿ, ಕಡೆಗೆ ಬತ್ತಿ. ದೊಡ್ಡ ತೋಪಿಗೆ ಹಲವು ಆಳುಗಳು ಬೇಕು. ಅಷ್ಟು ಹೊತ್ತು ಶತ್ರು ಸುಮ್ಮನೆ ಕೂತಿರುತ್ತಾನೆಯೇ? ತೋಪಿನವರನ್ನು ಕಾಯಲು ಕತ್ತಿಯವರೇ ಬೇಕು.

‘ಹಂಗಾದ್ರ ಕತ್ತಿಯವರಿಗೆ ಕೆಲಸ ಅದ’ ಎಂದ ಮಗ.

‘ಮಂತ್ರದಾಕಿಗೂ ಅದ’ ಎಂದಳು ಮಗಳು. ಮೂರು ವಾರದಲ್ಲಿ ಮೊದಲ ಬಾರಿಗೆ ನೇರ ಅಣ್ಣನ ಕಡೆ ನೋಡಿ.

ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಮಗಳು ಬಾಲಾ ಹಿಸ್ಸಾರಿನ ಬುಡದಲ್ಲಿ ನಿಂತು ನಿಧಾನಕ್ಕೆ ಐವತ್ತರವರೆಗೆ ಎಣಿಸಬೇಕು, ಅದು ಅವಳ ಮಂತ್ರ. ಮಗ ಮಸೀದಿಯ ಕಡೆಯಿಂದ ಓಡಿ ಬಂದು ಮುಟ್ಟಬೇಕು. ಆಕೆ ನಲವತ್ತು ದಾಟುವ ಮೊದಲೇ ಅವನು ಬಂದು ಮುಟ್ಟಿಬಿಟ್ಟ. ಎರಡನೇ ಸಲ ನಾನು ನಡುವೆ ನಿಂತು ಅವನನ್ನು ತಡೆದೆ. ಐವತ್ತು ಮುಗಿಯಿತು. ‘ಭಸ್ಮ!’ ಎಂದು ಕೂಗಿದಳು. ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದ ಒಂದು ಕುಟುಂಬ ನಮ್ಮನ್ನೇ ನೋಡುತ್ತಿತ್ತು. ಲೆಕ್ಕದ ಮನುಷ್ಯನಿಗೆ ಸ್ವಲ್ಪ ನಾಚಿಕೆಯಾದದ್ದು ನಿಜ.

ಊರಾಚೆಯ ಕಥೆ

ಆಟಕ್ಕೆ ಮಂತ್ರ ಸೇರಿಸುವ ಫಜೀತಿ ನಮ್ಮ ಮನೆಯದು ಮಾತ್ರವಲ್ಲ. ಈ ಬಗೆಯ ಆಟಗಳು ಹುಟ್ಟಿದ್ದೇ ಹಾಗೆ.

ಅಮೆರಿಕದಲ್ಲಿ 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಎಂಬಿಬ್ಬರು ‘ಚೈನ್‌ಮೇಲ್’ ಎಂಬ ನಿಯಮದ ಪುಸ್ತಿಕೆ ತಂದರು. ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲಿಟ್ಟು ಮಧ್ಯಯುಗದ ಯುದ್ಧ ಆಡುವುದು ಅದರ ಉದ್ದೇಶ. ಪುಸ್ತಿಕೆಯ ಕೊನೆಗೆ ಒಂದು ಅನುಬಂಧ: ಮಾಂತ್ರಿಕರು, ಬೆಂಕಿಯುಂಡೆ, ಮಿಂಚು, ಬೆಂಕಿ ಉಗುಳುವ ಮಹಾಸರ್ಪ. ಜನ ಹಿಡಿದುಕೊಂಡದ್ದು ಆ ಬಾಲವನ್ನೇ. ಡೇವ್ ಆರ್ನೆಸನ್ ಎಂಬಾತ ತನ್ನ ಗೆಳೆಯರೊಡನೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಆಡುತ್ತ ಆ ನಿಯಮಗಳನ್ನು ಬಳಸಿದ, ಸಾಲದ ಕಡೆ ತನ್ನವನ್ನು ಸೇರಿಸಿದ. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಕೂಡಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೊದಲ ಮುದ್ರಣ ಬರೀ 1000 ಪ್ರತಿ. ಇಂದು ಜಗತ್ತಿನಾದ್ಯಂತ ಆಡುವ ಪಾತ್ರದಾಟಗಳಿಗೆಲ್ಲ ಅದೇ ಹಿರಿಯಣ್ಣ.

ಅವರಿಗೂ ‘ಒಂದು ಮಂತ್ರ, ಎಲ್ಲಾ ಭಸ್ಮ’ದ ತೊಂದರೆ ಇತ್ತು. ಅವರು ಕಂಡುಕೊಂಡ ದಾರಿ ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ ಕಥೆಗಳಿಂದ ಬಂದದ್ದು. ಮಾಂತ್ರಿಕ ಬೆಳಿಗ್ಗೆ ಎದ್ದು ಕೆಲವೇ ಮಂತ್ರಗಳನ್ನು ಬಾಯಿಪಾಠ ಮಾಡಬಹುದು. ಒಮ್ಮೆ ಉಚ್ಚರಿಸಿದೊಡನೆ ಅದು ಮರೆತುಹೋಗುತ್ತದೆ. ಪರೀಕ್ಷೆ ಬರೆದು ಹೊರಗೆ ಬಂದ ವಿದ್ಯಾರ್ಥಿಯ ಹಾಗೆ! 1978ರ ‘ರೂನ್‌ಕ್ವೆಸ್ಟ್’ ಬೇರೆ ದಾರಿ ಹಿಡಿಯಿತು. ಅಲ್ಲಿ ಮಂತ್ರ ಹೆಚ್ಚು ಕಡಿಮೆ ಎಲ್ಲ ಪಾತ್ರಗಳಿಗೂ ಸಿಗುತ್ತದೆ, ಆದರೆ ಪ್ರತಿ ಸಲ ಬಳಸಿದಾಗಲೂ ಒಳಗಿನ ಶಕ್ತಿ ಇಷ್ಟಿಷ್ಟು ಇಳಿಯುತ್ತದೆ. ಇನ್ನು ನಮ್ಮ ಮಕ್ಕಳ ಪೆಂಡ್ರ್ಯಾಗನ್: 1985ರಲ್ಲಿ ಆಟಗಾರರ ಕೈಗೆ ಮಂತ್ರ ಕೊಡದ ಆಟ 1993ರ ನಾಲ್ಕನೇ ಆವೃತ್ತಿಯಲ್ಲಿ ಕೊಟ್ಟಿತು. 2005ರ ಐದನೇ ಆವೃತ್ತಿಯಲ್ಲಿ ಮತ್ತೆ ತೆಗೆಯಿತು. ಆಟ ಮಾಡಿದವರಿಗೇ ಸೇರಿಸುವುದೋ ಬಿಡುವುದೋ ತೀರ್ಮಾನವಾಗದ ವಿಷಯಕ್ಕೆ ಎಂಟನೇ ತರಗತಿಯ ಹುಡುಗಿ ತಪ್ಪಿದಳೆಂದು ಗದರುವುದು ಹೇಗೆ?

ಹೆತ್ತವರಿಗೆ ಒಂದು ಮಾತು. 1980ರ ದಶಕದಲ್ಲಿ ಅಮೆರಿಕದಲ್ಲೂ ‘ಈ ಆಟ ಮಕ್ಕಳನ್ನು ಮಾಟಕ್ಕೆ ಎಳೆಯುತ್ತದೆ’ ಎಂದು ತಾಯಿತಂದೆಯರು ಹೆದರಿದ್ದರು. ದೊಡ್ಡ ಗುಲ್ಲೇ ಆಗಿತ್ತು. ವರ್ಷ ಕಳೆದಂತೆ ಆ ಭಯ ತಾನಾಗಿ ಇಳಿಯಿತು. ಮೇಜಿನ ಮೇಲಿನ ಮಂತ್ರಕ್ಕೆ ಬೇಕಾಗುವುದು ಕೂಡುವುದು, ಕಳೆಯುವುದು, ಮತ್ತು ನಾಲ್ಕು ಜನರ ಒಪ್ಪಿಗೆ. ಅದನ್ನೇ ನನ್ನ ಹೆಂಡತಿಗೂ ಹೇಳಿದ್ದೆ. ‘ಒಪ್ಪಿಗಿ ಇದ್ರ ಜಗಳ ಯಾಕ ಆತು?’ ಎಂದು ಆಕೆ ಕೇಳಿದಾಗ ಉತ್ತರ ಇರಲಿಲ್ಲ.

ಕಮಲಾಪುರದ ಕೆಂಬಾಳೆ

ಮಧ್ಯಾಹ್ನ ರೊಟ್ಟಿ-ಶೇಂಗಾ ಹಿಂಡಿಯ ಬುತ್ತಿ ಮುಗಿಸಿ ಹುಮನಾಬಾದ್ ಬಸ್ಸು ಹತ್ತಿದೆವು. ಬೀದರ್ ಕಡೆಗೆ ಹೋಗುವ ಈ ದಾರಿಯಲ್ಲಿ ಕಲಬುರಗಿಯಿಂದ ಸುಮಾರು 35 ಕಿಲೋಮೀಟರಿಗೆ ಕಮಲಾಪುರ. 2017ರಲ್ಲಿ ಆರಂಭವಾದ ಕಲಬುರಗಿ–ಬೀದರ್ ರೈಲು ಮಾರ್ಗದಲ್ಲೂ ಕಮಲಾಪುರಕ್ಕೆ ನಿಲ್ದಾಣವಿದೆ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬಸ್ಸೇ ಸಲೀಸು, ಬೇಕಾದಾಗ ಸಿಗುತ್ತದೆ.

ನಿರ್ವಾಹಕ ಬಂದ. ನನಗೂ ಮಗನಿಗೂ ಟಿಕೇಟು, ಮಗಳ ಆಧಾರ್ ನೋಡಿ ಸೊನ್ನೆ ಟಿಕೇಟು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಲ್ಲವೇ. ‘ನೋಡಪ್ಪಾ, ಈಕಿಗೆ ಎಲ್ಲಾ ಪುಕ್ಕಟೆ. ಮಂತ್ರನೂ ಪುಕ್ಕಟೆ, ಬಸ್ಸೂ ಪುಕ್ಕಟೆ’ ಎಂದ ಮಗ.

ನಿರ್ವಾಹಕ ನಕ್ಕು ಹೇಳಿದ: ‘ಪುಕ್ಕಟೆ ಅಲ್ಲ ತಮ್ಮಾ. ಸೊನ್ನಿ ಟಿಕೇಟಿಗೂ ಲೆಕ್ಕ ಅದ. ಒಂದು ಹರಿಲಿಲ್ಲ ಅಂದ್ರ ನಂದು ನೌಕರಿಗೆ ಬರ್ತದ. ದುಡ್ಡು ಸರ್ಕಾರ ಕೊಡತದ.’

ನನ್ನ ಅರ್ಧ ಕೆಲಸವನ್ನು ಆ ಪುಣ್ಯಾತ್ಮ ಮಾಡಿಕೊಟ್ಟ. ಯಾರೂ ಕೊಡದ ಬೆಲೆ ಎಂಬುದಿಲ್ಲ. ಯಾರು ಕೊಡುತ್ತಾರೆ ಎಂಬುದಷ್ಟೇ ಪ್ರಶ್ನೆ. ಮಗಳ ಮಂತ್ರದ ಬೆಲೆ ಕೊಟ್ಟವರು ಯಾರು? ಶೇಂಗಾ ತಿನ್ನುತ್ತ ಕುಳಿತ ಇಬ್ಬರು ಗೆಳೆಯರು. ಅವರ ಆಟ ಹೋಗಿತ್ತು. ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಕೊಯ್ಲಿಗೆ ಬಂದ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ‘ಅವರು ಬರೋದು ಬಿಟ್ಟಿದ್ದು ನನ್ನಿಂದ ಏನು?’ ಎಂದಳು ಸಣ್ಣ ದನಿಯಲ್ಲಿ. ‘ನನ್ನಿಂದನೂ’ ಎಂದ ಅಣ್ಣ, ಟಿಕೇಟನ್ನು ಮಡಚುತ್ತ.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಅದು ಗೊತ್ತಿರುವುದು ಕೆಂಬಾಳೆಯಿಂದ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಸಿಪ್ಪೆ ಕಡುಗೆಂಪು, ಒಳಗೆ ಕೆನೆಬಣ್ಣದ ತಿರುಳು, ಒಂದು ತಿಂದರೆ ಹೊಟ್ಟೆ ತುಂಬುವಷ್ಟು ದಪ್ಪ. ರಸ್ತೆ ಬದಿಯಲ್ಲಿ ಗೊನೆ ತೂಗುಹಾಕಿ ಕುಳಿತ ಅಜ್ಜಿಯೊಬ್ಬಳ ಹತ್ತಿರ ಆರು ಹಣ್ಣು ಕೇಳಿದೆ. ಬೆಲೆ ಕೇಳಿ ಮಗ ಹುಬ್ಬೇರಿಸಿದ.

‘ಹಂಗ್ಯಾಕ ನೋಡ್ತಿ ನನ್ನಪ್ಪಾ’ ಎಂದಳು ಅಜ್ಜಿ. ‘ಬ್ಯಾರೆ ಬಾಳಿ ಲಗೂನ ಬರ್ತದ. ಇದು ತಡಾ. ನೀರು ಹೆಚ್ಚಿಗಿ, ಗೊಬ್ಬರ ಹೆಚ್ಚಿಗಿ. ಅಷ್ಟು ದಿನ ಕಾದವರಿಗೆ ನಾಕು ರೂಪಾಯಿ ಬ್ಯಾಡೇನು?’

ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಕುಳಿತು ಹಣ್ಣು ಸುಲಿದೆವು. ನಾನು ಚೀಲದಿಂದ ನೋಟುಪುಸ್ತಕ ತೆಗೆದೆ. ನನಗೊಂದು ಬುದ್ಧಿ ಹೊಳೆದಿತ್ತು. ‘ಮಂತ್ರ ಫಲಿಸಬೇಕಾದ್ರ ಹದಿಮೂರರ ಮಗ್ಗಿ ತಪ್ಪಿಲ್ಲದ ಹೇಳಬೇಕು. ದೊಡ್ಡ ಮಂತ್ರಕ್ಕ ಹತ್ತೊಂಬತ್ತರದ್ದು. ಹೆಂಗದ?’

‘ಬ್ಯಾಡೇ ಬ್ಯಾಡ!’ ಇಬ್ಬರೂ ಒಟ್ಟಿಗೆ ಕೂಗಿದರು.

‘ಆಟದಾಗೂ ಸಾಲಿ ತಂದ್ರ ಆಟ ಯಾಕ ಆಡಬೇಕು?’ ಎಂದ ಮಗ. ‘ನೋಡಣ್ಣಾ, ಅಪ್ಪ ಯಾವಾಗಲೂ ಹಿಂಗ’ ಎಂದಳು ಮಗಳು. ಅಣ್ಣಾ ಎಂದಳು! ಮೂರು ವಾರದ ಮೌನ ನನ್ನ ವಿರುದ್ಧ ಒಂದಾಗುವುದರಲ್ಲಿ ಮುಗಿಯಿತು. ನಾನು ಮಗ್ಗಿಯನ್ನು ಹಿಂತೆಗೆದುಕೊಂಡೆ. ಸೋತದ್ದಕ್ಕೆ ಬೇಸರವೇನೂ ಆಗಲಿಲ್ಲ.

ಆಮೇಲಿನ ಒಂದು ಗಂಟೆ ನಾನು ಬರೀ ಬರೆದುಕೊಂಡೆ, ಅವರು ವಾದಿಸಿದರು. ಪೆಂಡ್ರ್ಯಾಗನ್‌ನಲ್ಲಿ ಒಂದು ವಿದ್ಯೆಗೆ ಎಷ್ಟು ಅಂಕವೋ ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆಲುವು. ದಾಳಕ್ಕೆ ಇಪ್ಪತ್ತು ಮುಖ, ಹಾಗಾಗಿ ಒಂದೊಂದು ಅಂಕಕ್ಕೆ ನೂರಕ್ಕೆ 5ರಷ್ಟು ಅವಕಾಶ. ಮಗಳ ಮಂತ್ರವಿದ್ಯೆಗೆ 12 ಅಂಕ ಎಂದು ಒಪ್ಪಿದರು. ಅಂದರೆ ನೂರಕ್ಕೆ 60. ಎರಡು ಮಂತ್ರಗಳೂ ಸಾಲಾಗಿ ಫಲಿಸುವ ಅವಕಾಶ ಎಷ್ಟು ಎಂದು ಮಗ ಕೇಳಿದ. ಮಗಳು ಬೆರಳಲ್ಲಿ ಗಾಳಿಯಲ್ಲೇ ಗುಣಿಸಿದಳು: ನೂರಕ್ಕೆ 36. ‘ಎರಡರಾಗ ಒಂದಾದರೂ ಫಲಿಸಬೇಕಂದ್ರ?’ ಎರಡೂ ತಪ್ಪುವ ಅವಕಾಶ 16, ಉಳಿದದ್ದು 84. ಶಾಲೆಯನ್ನು ಆಟಕ್ಕೆ ತರಬೇಡಿ ಎಂದವರು ತಾವೇ ತಂದುಕೊಂಡಿದ್ದರು. ನಾನು ಏನೂ ಹೇಳಲು ಹೋಗಲಿಲ್ಲ.

ಅಂದು ಬೇವಿನ ಮರದ ಕೆಳಗೆ ಬರೆದ ನಿಯಮಗಳು ಇವು. ಬೇರೆ ಮನೆಗಳಲ್ಲೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಕೊಡುತ್ತಿದ್ದೇನೆ.

1. ಮಂತ್ರ ಕಲಿತವರಿಗೆ ದಿನಕ್ಕೆ ಆರು ಶಕ್ತಿ. ಸಣ್ಣ ಮಂತ್ರಕ್ಕೆ 1 (ದೀಪ ಹತ್ತಿಸುವುದು), ನಡುವಿನದಕ್ಕೆ 2 (ಗಾಯ ಕಟ್ಟುವುದು), ದೊಡ್ಡದಕ್ಕೆ 4 (ಬಾಗಿಲು ಬಂಧಿಸುವುದು, ಗಾಳಿ ಎಬ್ಬಿಸುವುದು).

2. ಬೆಲೆ ಮೊದಲೇ ಕೊಡಬೇಕು. ಮಂತ್ರ ತಪ್ಪಿದರೂ ಮುರಿದರೂ ವಾಪಸಿಲ್ಲ.

3. ದೊಡ್ಡ ಮಂತ್ರಕ್ಕೆ ಮೂರು ಸರದಿ ಬೇಕು. ಅಷ್ಟು ಹೊತ್ತು ಮಂತ್ರದವರು ಕದಲುವಂತಿಲ್ಲ. ಏಟು ಬಿದ್ದರೆ ಮಂತ್ರ ಮುರಿಯಿತು. (ಇದು ತೋಪಿನ ನಿಯಮ.)

4. ಯಾವ ಮಂತ್ರವೂ ಒಂದೇ ಮಾತಿಗೆ ಕೊಲ್ಲುವುದಿಲ್ಲ, ಸತ್ತವರನ್ನು ಎಬ್ಬಿಸುವುದಿಲ್ಲ, ಬಿದ್ದ ದಾಳವನ್ನು ತಿರುಗಿಸುವುದಿಲ್ಲ.

5. ಶತ್ರುವಿನ ಮಾಂತ್ರಿಕನಿಗೂ ಇದೇ ನಿಯಮ. ಸೂತ್ರಧಾರನಿಗೆ ರಿಯಾಯಿತಿ ಇಲ್ಲ.

6. ರಾತ್ರಿ ನಿದ್ದೆಯಿಂದ ಶಕ್ತಿ ಮರಳುತ್ತದೆ. ಕಮಲಾಪುರದ ಕೆಂಬಾಳೆ ತಿಂದರೆ 2 ಬರುತ್ತದೆ, ದಿನಕ್ಕೆ ಒಂದೇ ಹಣ್ಣು. ಸಿಗುವುದು ಕಮಲಾಪುರದಲ್ಲಿ ಮಾತ್ರ.

7. ನಿಯಮ ಬರೆದವನೇ ಅದರ ಪರೀಕ್ಷೆಯ ದಿನ ಸೂತ್ರಧಾರ ಆಗಕೂಡದು.

ಏಳನೆಯದು ನನ್ನದು. ಲೆಕ್ಕ ಬರೆದವನೇ ತಪಾಸಣೆಗೂ ಕೂತರೆ ಏನಾಗುತ್ತದೆಂದು ನನಗೆ ಗೊತ್ತು.

ಮುತ್ಯಾನ ಸಾಲು

ಸಂಜೆ ಮನೆಗೆ ಬಂದಾಗ ನಮ್ಮ ಅಪ್ಪ, ಮಕ್ಕಳ ಮುತ್ಯಾ, ಪಡಸಾಲೆಯಲ್ಲಿ ಕುಳಿತಿದ್ದರು. ಅವರು ಒಂದು ಕಾಲದಲ್ಲಿ ಊರ ಕಟ್ಟೆಯ ಮೇಲೆ ಪಗಡೆ ಆಡಿದವರು. ಹಾಳೆಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಮಾಡಿ ಪೂರ್ತಿ ಓದಿಸಿಕೊಂಡರು.

‘ಛಲೋ ಅದ. ಚೌಕಾಬಾರಾದಾಗೂ ಹಂಗೇ ಇತ್ತು. ನಮ್ಮ ಮನ್ಯಾಗ ಎದುರಿನವರ ಕಾಯಿ ಒಂದಾದ್ರೂ ಕಡಿಲಾರದ ಒಳಗಿನ ಮನಿಗೆ ಹೋಗಂಗಿಲ್ಲ. ನಿಮ್ಮ ಆಯಿ ತವರುಮನ್ಯಾಗ ಆ ಕಟ್ಟಳಿ ಇಲ್ಲ. ಮದುವಿ ಆದ ವರ್ಷ ಅದಕ್ಕೇ ಜಗಳ ಬಿದ್ದಿತ್ತು’ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: ‘ಆದರ ಒಂದು ಬಿಟ್ಟೀರಿ. ಧರ್ಮರಾಯ ಎಲ್ಲಿ ಸೋತ ಹೇಳ್ರಿ?’

‘ದಾಳದಾಗ’ ಎಂದ ಮಗ.

‘ಅದಕ್ಕೂ ಮೊದಲ. ಪಣ ಇಡಾಂವ ದುರ್ಯೋಧನ, ದಾಳ ಹಾಕಾಂವ ಶಕುನಿ ಅಂದಾಗ, ಒಬ್ಬರ ಸಲುವಾಗಿ ಇನ್ನೊಬ್ಬರು ಆಡೋದು ಸರಿ ಅಲ್ಲ ಅಂತ ಧರ್ಮರಾಯಗ ಗೊತ್ತಿತ್ತು. ಹೇಳಿದಾ ಕೂಡ. ಆದ್ರೂ ಕೂತ. ಅಲ್ಲೇ ಸೋತ. ನಳನ ಕಥಿ ನೋಡು. ಋತುಪರ್ಣ ರಾಜ ಅವಗ ದಾಳದ ವಿದ್ಯಾ ಕೊಟ್ಟ, ನಳ ಅವಗ ಕುದುರಿ ವಿದ್ಯಾ ಕೊಟ್ಟ. ಕೊಟ್ಟು ತೊಗೊಂಡ ಮ್ಯಾಲೆ ನಳ ಗೆದ್ದ.’

ಮಗಳು ಪೆನ್ನು ತೆಗೆದುಕೊಂಡು ಎಂಟನೇ ಸಾಲು ಬರೆದಳು: ‘ನಿಯಮ ಬದಲಿಸಬೇಕಾದರೆ ಎಲ್ಲರೂ ಕೂತು ಬದಲಿಸಬೇಕು. ಆಟದ ನಡುವೆ ಅಲ್ಲ.’ ಬರೆದು ಅಣ್ಣನ ಮುಂದೆ ಹಾಳೆ ಹಿಡಿದಳು. ಅವನು ಸಹಿ ಹಾಕಿದ.

ಮರುದಿನ ಗೆಳೆಯರಿಬ್ಬರ ಮನೆಗೆ ಅವರೇ ಹೋಗಿ ಕರೆದು ಬಂದರು. ಅಲಮಾರಿಯ ಕೆಳಗಿನ ದಾಳವನ್ನು ಪೊರಕೆಯ ಹಿಡಿಯಿಂದ ಎಳೆದು ತೆಗೆದದ್ದು ಅವರ ಅವ್ವ. ದಾಳದೊಡನೆ ಎರಡು ಪೆನ್ಸಿಲ್ಲು, ಎಂದೋ ಕಳೆದ ಒಂದು ಕಿವಿಯೋಲೆಯೂ ಬಂದದ್ದರಿಂದ ಆಕೆಗೆ ಈ ಆಟದ ಮೇಲೆ ಸ್ವಲ್ಪ ದಯೆ ಹುಟ್ಟಿತು.

ಮುಂದಿನ ಭಾನುವಾರ ಓಣಿಯ ಗೆಳೆಯ ಸೂತ್ರಧಾರ, ಮಗ ಕತ್ತಿವೀರ. ಕೋಟೆಯ ಬೊಕ್ಕಸ ಕದಿಯಲು ಬಂದ ದರೋಡೆಕೋರರನ್ನು ತಡೆಯಬೇಕು. ಮಗಳು ನಾಲ್ಕು ಶಕ್ತಿ ಕೊಟ್ಟು ಬಾಗಿಲು ಬಂಧಿಸುವ ದೊಡ್ಡ ಮಂತ್ರ ಶುರು ಮಾಡಿದಳು. ಅಣ್ಣ ಬಾಗಿಲಲ್ಲಿ ನಿಂತ. ಮೊದಲ ಸರದಿ ತಡೆದ. ಎರಡನೆಯದರಲ್ಲಿ ಏಟು ತಿಂದು ಬಿದ್ದ. ಇನ್ನೊಂದು ಸರದಿ ಉಳಿದರೆ ಬಾಗಿಲು ಮುಚ್ಚುತ್ತದೆ, ಆಟ ಗೆದ್ದಂತೆ. ಆದರೆ ಅಷ್ಟರಲ್ಲಿ ಬಿದ್ದವನ ಪ್ರಾಣ ಹೋಗುತ್ತದೆ. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಕಾಳು ಆರಿಸುತ್ತಿದ್ದ ನನ್ನ ಹೆಂಡತಿಯ ಕೈ ಕೂಡ ನಿಂತಿತ್ತು.

‘ಮಂತ್ರ ಬಿಟ್ಟೆ’ ಎಂದಳು ಮಗಳು. ‘ಉಳಿದ ಎರಡು ಶಕ್ತಿ ಗಾಯಕ್ಕ.’

ದಾಳ ಉರುಳಿತು. ಒಂಬತ್ತು. ಅಣ್ಣ ಬದುಕಿದ. ದರೋಡೆಕೋರರು ಬೊಕ್ಕಸ ಹೊತ್ತು ಹೋದರು. ಆಟ ಸೋತರು.

‘ಅಷ್ಟು ದೊಡ್ಡ ಮಂತ್ರ ವ್ಯರ್ಥ ಮಾಡಿದೆಲ್ಲಾ’ ಎಂದ ಎರಡನೇ ಗೆಳೆಯ. ಯಾರೂ ಉತ್ತರಿಸಲಿಲ್ಲ. ಮಗ ಮಾತ್ರ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಕೆಂಬಾಳೆಯನ್ನು ತಂಗಿಯ ಕಡೆ ಸರಿಸಿದ. ‘ತಿನ್ನು. ಎರಡು ಶಕ್ತಿ ಬರ್ತದ. ದರೋಡೆಕೋರರು ಭಾಳ ದೂರ ಹೋಗಿಲ್ಲ.’

‘ನಿಯಮ ಆರು’ ಎಂದಳು ಆಕೆ, ಹಾಳೆ ತೋರಿಸುತ್ತ. ‘ಕಮಲಾಪುರದಾಗ ಮಾತ್ರ. ನಾವು ಇನ್ನೂ ಕ್ವಾಟಿ ಒಳಗೇ ಇದ್ದೀವಿ.’

ಆ ಹಾಳೆ ಈಗ ಅಲಮಾರಿಯ ಬಾಗಿಲ ಒಳಬದಿಯಲ್ಲಿ, ಪರೀಕ್ಷೆಯ ವೇಳಾಪಟ್ಟಿಯ ಪಕ್ಕ ಅಂಟಿಕೊಂಡಿದೆ. ಕೆಳಗೆ ನಾಲ್ವರು ಮಕ್ಕಳ ಸಹಿ, ಮುತ್ಯಾನ ಸಹಿ. ವೇಳಾಪಟ್ಟಿ ಮುಗಿಯುವ ತನಕ ಆಟವಿಲ್ಲ ಎಂಬ ಒಂಬತ್ತನೇ ನಿಯಮವನ್ನು ಬರೆದವರು ಅವರ ಅವ್ವ. ಅದಕ್ಕೂ ಎಲ್ಲರೂ ಕೂತೇ ಒಪ್ಪಿದರು.